ತಿರುಗಿ ನೋಡಿ

ಅನ್ನ ಬೆಂದಿದೆಯೇ ಎನ್ನಲು ಒಂದಗುಳು ಸಾಕೆಂದರು ಹಿರಿಯರು.
ನನಗೆ ಇನ್ನೂರ ನಲವತ್ತು ಬೇಕಾದವು—
ಇನ್ನೂರ ನಲವತ್ತು ಗಾಜಿನ ಚೂರು, ಒಂದೊಂದರ ಮೇಲೂ
ಯಾರದೋ ಜ್ವರದ ಒಂದು ಹನಿ, ಒಣಗಿ ನೇರಳೆಗೆ ತಿರುಗಿದ್ದು.

ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಆಸ್ಪತ್ರೆ, ನೆಲಮಾಳಿಗೆ.
ಶ್ರಾವಣ. ಡೆಂಗಿಯ ಕಾಲ.
ಯಂತ್ರ ನಿಮಿಷಕ್ಕೊಂದು ಚೀಟಿ ಉಗುಳುತ್ತದೆ:
ಪ್ಲೇಟ್‌ಲೆಟ್ ಹತ್ತೊಂಬತ್ತು ಸಾವಿರ.
ಹೊರಗೆ ಬೆಂಚಿನ ಮೇಲೆ ಚೀಟಿ ಹಿಡಿದ ಮುಖ ಬಿಳಿಚುತ್ತದೆ.
ಒಳಗೆ ಎಸ್ತರ್ ಸುಗುಣ, ಮೂವತ್ತೊಂದು ವರ್ಷದ ಸರ್ವಿಸು,
ಕನ್ನಡಕ ಹಣೆಗೇರಿಸಿ, ಎಣ್ಣೆಯ ಹನಿ ಬಿಟ್ಟು, ಬಗ್ಗುತ್ತಾಳೆ:
"ಸುಳ್ಳು. ಗುಂಪುಕಟ್ಟಿ ಕೂತಿವೆ, ಯಂತ್ರಕ್ಕೆ ಕಂಡಿಲ್ಲ.
ನೀಲಿ ಮುಚ್ಚಳದ ಟ್ಯೂಬಿಗೆ ಇನ್ನೊಂದ್ಸಲ ತೆಗೀರಿ."

ಆ ಕಣ್ಣು ಬೇಕೋ ಬೇಡವೋ, ನನಗೆ ಒಪ್ಪಿಸಿದ ಪ್ರಶ್ನೆ.
ಹುದ್ದೆ ಉಳಿಯಲೋ, ಮಾರ್ಚಿಗೆ ಅವಳ ಜೊತೆಗೇ ನಿವೃತ್ತವಾಗಲೋ.
ಶುರುಮಾಡುವ ಮೊದಲು, ಅಭ್ಯಾಸಬಲ, ನೋಟ್‌ಬುಕ್ಕಿನ ಮೂಲೆಯಲ್ಲಿ
ಪೆನ್ಸಿಲಿನಿಂದ ಬರೆದುಕೊಂಡೆ:
ನೂರಕ್ಕೆ ಅರವತ್ತರಿಂದ ಎಪ್ಪತ್ತೆಂಟರೊಳಗೆ ಸರಿ ಹೇಳುತ್ತಾಳೆ.
ನನಗೆ ತೊಂಬತ್ತೈದರಷ್ಟು ಖಾತ್ರಿ.

ನೀಲಿ ಟ್ಯೂಬಿನದೇ ಕೊನೆಯ ಮಾತು ಎಂದಿಟ್ಟುಕೊಂಡೆ.
ಪ್ರತಿ ಗಾಜಿಗೂ ಎರಡು ಖಾನೆ:
ಯಂತ್ರದ್ದು ನಿಜವೋ ಸುಳ್ಳೋ; ಎಷ್ಟು ಖಾತ್ರಿ, ಸೊನ್ನೆಯಿಂದ ನೂರು.
"ಖಾತ್ರಿ ಏನು ಈರುಳ್ಳೀನಾ ಸಾರ್, ತಕ್ಕಡೀಲಿ ಹಾಕೋಕೆ?"
ಎರಡನೇ ಖಾನೆಗೆ ಅವಳು ಬರೆದದ್ದು ಮೂರೇ ಮಾತು:
ಹೌದು. ಹೌದು ಅನ್ಸತ್ತೆ. ತಿರುಗಿ ನೋಡಿ.
ಪಕ್ಕದ ಮೇಜಿನಲ್ಲಿ ಕಿರಿಯ ಡಾಕ್ಟರು ಕುಶಾಲ್, ಎಲ್ಲ ಸಾಲಿಗೂ
ತೊಂಬತ್ತೈದು, ತೊಂಬತ್ತೈದು, ತೊಂಬತ್ತೈದು—
ಕಂಡಕ್ಟರು ಟಿಕೆಟ್ ಹರಿದ ಹಾಗೆ.

ನಲವತ್ತು ಗಾಜನ್ನು ನಂಬರು ಬದಲಿಸಿ ಮತ್ತೆ ಕೊಟ್ಟಿದ್ದೆ, ಗುಟ್ಟಾಗಿ.
ಹನ್ನೊಂದನೆಯದಕ್ಕೇ ತಲೆಯೆತ್ತಿದಳು:
"ಇವನು ಮಂಗಳವಾರ ಬಂದಿದ್ನಲ್ಲ? ಈ ಮೂಲೇಲಿ ಬಣ್ಣ ಕಲೆಸಿದೆ."
ಒಂದಕ್ಕೊಂದು ಸಂಬಂಧವಿಲ್ಲ ಎಂಬ ನನ್ನ ಸೂತ್ರದ ಮೊದಲ ಸಾಲು
ಅಲ್ಲೇ ಬಿದ್ದುಹೋಯಿತು. ಅಡಿಟಿಪ್ಪಣಿ ಬರೆದೆ.

ಇನ್ನು ಲೆಕ್ಕ. ರಾತ್ರಿ, ಕರೆಂಟು ಹೋಗಿ ಬಂದು ಹೋಗಿ ಬಂದು.
ಹೌದು: ನೂರ ಐವತ್ತೊಂದು. ತಪ್ಪಿದ್ದು ಮೂರು.
ಹೌದು ಅನ್ಸತ್ತೆ: ಅರವತ್ತೆರಡು. ಸರಿ ನಲವತ್ತಮೂರು.
ತಿರುಗಿ ನೋಡಿ: ಇಪ್ಪತ್ತೇಳು. ಹದಿನಾಲ್ಕು ಅತ್ತ, ಹದಿಮೂರು ಇತ್ತ.
ನಾಣ್ಯ ಚಿಮ್ಮಿದರೂ ಇಷ್ಟು ಸಮ ಬೀಳದು.
(ಕುಶಾಲನ ತೊಂಬತ್ತೈದು ಅರವತ್ತೆಂಟಕ್ಕೆ ಬಂದು ಕೂತಿತ್ತು.)
ತಿಳಿದದ್ದು ತಿಳಿದಿತ್ತು ಅವಳಿಗೆ. ಅದು ಬಿಡಿ,
ತಿಳಿಯದ್ದು ಎಲ್ಲಿ ಶುರು ಎಂಬ ಗೆರೆಯೂ
ಬೆರಳಿಟ್ಟು ತೋರಿಸುವಷ್ಟು ತಿಳಿದಿತ್ತು.

ಒಟ್ಟು, ನೂರಕ್ಕೆ ಎಂಬತ್ತೈದು.
ನನ್ನ ಪೆನ್ಸಿಲಿನ ಬೇಲಿಯಿಂದ ಏಳು ಮಾರು ಆಚೆ ನಿಂತಿದ್ದಳು.

ಹದಿನೆಂಟು ವರ್ಷದಿಂದ ಊರಿಗೆಲ್ಲ ಬೇಲಿ ಹಾಕಿಕೊಟ್ಟವನು ನಾನು,
ಲಸಿಕೆಗೆ, ಚುನಾವಣೆಗೆ, ಸೋಪಿನ ಕಂಪನಿಗೆ.
ನೂರರಲ್ಲಿ ಐದು ತಪ್ಪಬಹುದು ಎಂದು ಎಲ್ಲರಿಗೂ ಹೇಳಿದ್ದೇನೆ.
ಆ ಐದು ಎಂದೂ ನನ್ನ ಮನೆಯ ವಿಳಾಸಕ್ಕೆ ಬಂದಿರಲಿಲ್ಲ;
ಬಂದಿದ್ದರೂ ನಾನು ಬಾಗಿಲು ತೆಗೆದಿರಲಿಲ್ಲ.

ಮರುದಿನ ಅವಳು ಕೇಳಿದ್ದು ಎಂಬತ್ತೈದನ್ನಲ್ಲ.
"ಆ ಮೂರು ಯಾವ್ದು?"
ತಂದುಕೊಟ್ಟೆ. ಮೊದಲನೆಯದಕ್ಕೆ ತುಟಿ ಕಚ್ಚಿದಳು. ಎರಡನೆಯದಕ್ಕೆ
"ಅವತ್ತು ನನಗೇ ಜ್ವರ." ತಡೆದು, "ಅದು ನೆಪ. ತಪ್ಪು ಅಂತಲೇ ಬರ್ಕೊಳ್ಳಿ."
ಮೂರನೆಯದರ ಮೇಲೆ ಬಗ್ಗಿದವಳು ಏಳಲಿಲ್ಲ.
ಚಹಾ ಆರಿ ಕೆನೆ ಕಟ್ಟಿತು. ಲಿಂಗರಾಜಪುರದ ಬಸ್ಸು ಎರಡು ಹೋದವು.
"ಇದಕ್ಕೆ ಈಗ್ಲೂ ಹೌದೇ ಅಂತೀನಿ ಸಾರ್.
ನಿಮ್ಮ ನೀಲಿ ಟ್ಯೂಬು ಇವರದೇ ಅಂತ ಯಾರು ನೋಡಿದ್ದು?"

ಯಾರೂ ನೋಡಿರಲಿಲ್ಲ. ಅಥವಾ ನೋಡಿದ್ದರು, ಅನ್ಸತ್ತೆ.

ವರದಿಯ ಕೊನೆಯ ಪುಟ. ಹುದ್ದೆ ಮುಂದುವರಿಯಬೇಕೇ?
ಹೌದು, ಬರೆದೆ.
ಅದರ ಪಕ್ಕದ ಖಾನೆ: ಖಚಿತತೆ, ಶೇಕಡಾ.
ಪೆನ್ನು ಬಹಳ ಹೊತ್ತು ಗಾಳಿಯಲ್ಲಿತ್ತು. ಆಮೇಲೆ ಬರೆದೆ:
ತಿರುಗಿ ನೋಡಿ.

ಹತ್ತು ದಿನಕ್ಕೆ ಕಡತ ವಾಪಸು ಬಂತು,
ಅಂಚಿನಲ್ಲಿ ಕೆಂಪು ಶಾಯಿ:
ಅಂಕಿಯಲ್ಲಿ ತಿಳಿಸಿ.